ಭುಜದ ಮೇಲಿನ ಗುಂಡು

ನನ್ನ ಬಲಭುಜದ ಮೇಲೆ ಒಂದು ಉದ್ದನೆಯ ಗಾಯದ ಕಲೆಯಿದೆ. ನಮ್ಮೂರು ಮಧುರೆಯ ಸುತ್ತಮುತ್ತ ಅದನ್ನು ನೋಡದವರಿಲ್ಲ. ನಾನು ತೋರಿಸಿದ್ದಲ್ಲ, ನಮ್ಮಪ್ಪ ತೋರಿಸಿದ್ದು. ನಾನು ಸೈನ್ಯದಿಂದ ರಜೆಗೆ ಬಂದಾಗಲೆಲ್ಲ ಬೆಳಿಗ್ಗೆ ಹಾಲಿನ ಡೇರಿಗೆ ಎಳೆದುಕೊಂಡು ಹೋಗಿ, ಕ್ಯಾನು ಇಳಿಸುವ ಮೊದಲೇ ನನ್ನ ಅಂಗಿ ಜಗ್ಗುತ್ತಿದ್ದರು. "ನೋಡ್ರಪ್ಪಾ, ಯುದ್ಧದಲ್ಲಿ ಗುಂಡು ಬಿದ್ದಿದ್ದು!" ನಿವೃತ್ತನಾಗಿ ಬಂದ ಮೇಲೂ ಬಿಡಲಿಲ್ಲ.

ಯಾವ ಗುಂಡು, ಯಾರ ಗುಂಡು! ಭಾರತ ತಂಡಕ್ಕೆ ರಗ್ಬಿ ಆಡುವಾಗ ಎದುರಾಳಿಯೊಬ್ಬ ಎತ್ತಿ ಕುಕ್ಕಿದ್ದಕ್ಕೆ ಮೂಳೆ ಮುರಿದು ಆಪರೇಷನ್ ಆದ ಕಲೆ ಅದು. ಯುದ್ಧಕ್ಕೂ ಹೋಗಿದ್ದೆ, ನಿಜ. ಮೈಮೇಲೆ ಒಂದು ಗೀರೂ ಆಗದೆ ವಾಪಸ್ ಬಂದೆ. ಗುಂಡು ಬಿದ್ದಿದ್ದು ನಮ್ಮ ಪಲ್ಟನ್ನಿನ ರಗ್ಬಿ ತಂಡದಲ್ಲಿ ನನ್ನ ಹೆಗಲಿಗೆ ಹೆಗಲು ಕೊಟ್ಟು ಆಡುತ್ತಿದ್ದವನಿಗೆ. ಅವನ ಗುಂಡನ್ನು ನನ್ನದೆಂದು ಹೇಳಿಕೊಂಡು ಮೆರೆಯಲೇ? ಇದನ್ನು ವಿವರಿಸಲು ಹೋದರೆ ಅಪ್ಪ ಪೂರ್ತಿ ಕೇಳಬೇಕಲ್ಲ! "ಇದು ರಗ್ಬಿಯಲ್ಲಿ ಆಗಿದ್ದಪ್ಪಾ" ಅನ್ನುವಷ್ಟರಲ್ಲೇ ಕೈ ಬೀಸಿ ತಡೆದುಬಿಡುತ್ತಿದ್ದರು.

"ರಗ್ಬಿ ಅಂದ್ರೆ ಈ ಕಡೆ ಯಾವನಿಗ್ಲಾ ಗೊತ್ತು? ಗುಂಡು ಅಂದ್ರೆ ಎಲ್ರಿಗೂ ಗೊತ್ತಾಯ್ತದೆ."

ಹೋದ ವರ್ಷ ಸ್ವಾತಂತ್ರ್ಯ ದಿನಕ್ಕೆ ಊರಿನವರು ನನಗೊಂದು ಸನ್ಮಾನ ಇಟ್ಟುಕೊಂಡರು. ಫ್ಲೆಕ್ಸ್ ನೋಡಿ ತಲೆ ಚಚ್ಚಿಕೊಂಡೆ. ಯಾವನೋ ಕಬಡ್ಡಿ ಆಟಗಾರನ ಮೈಗೆ ನನ್ನ ತಲೆ ಅಂಟಿಸಿದ್ದರು. ಕೇಳಿದರೆ, "ಎರಡೂ ಹಿಡ್ದು ಬೀಳ್ಸೋ ಆಟಾನೇ ಅಲ್ವಾ ಗುರು, ಅಡ್ಜಸ್ಟ್ ಮಾಡ್ಕೊ" ಎಂದ, ಅದನ್ನು ಮಾಡಿಸಿದ ಮಹಾನುಭಾವ. ಕಬಡ್ಡಿ ಹಾಳಾಗಿ ಹೋಗಲಿ, ಗುಂಡಿನ ವಿಷಯ ಮಾತ್ರ ಬಿಡುವಂತಿರಲಿಲ್ಲ. ಪೇಟ ತೊಡಿಸಿ, ಶಾಲು ಹೊದಿಸಿ ಮೈಕ್ ಕೊಟ್ಟ ಕೂಡಲೇ ಹೇಳಿಬಿಟ್ಟೆ.

"ನಂಗೆ ಆಗಿರೋದು ಆಟದ ಗಾಯ. ಗುಂಡು ಬಿದ್ದಿದ್ದು ನನ್ನ ಜೊತೆಗಾರನಿಗೆ. ಅವನು ಅಲ್ಲೇ ಹೋಗ್ಬಿಟ್ಟ."

ನಿರೂಪಕ ಮೈಕ್ ಕಿತ್ತುಕೊಂಡ. "ಎಂಥಾ ವಿನಯ ನೋಡಿ! ಬರ್ಲಿ ಚಪ್ಪಾಳೆ!" ಬಂತು, ಜೋರಾಗಿಯೇ ಬಂತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಪಾಡು. ಮುಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ವಾಪಸ್ ಬರುವಾಗ ಸನ್ಮಾನದ ಹಣ್ಣಿನ ಬುಟ್ಟಿ ಹಿಡಿದು ಬೈಕಿನ ಹಿಂದೆ ಕೂತಿದ್ದರು. ಮರ್ಯಾದೆ ಕಳೆದೆ ಎಂದು ಬೈಯುತ್ತಾರೆ ಅಂದುಕೊಂಡೆ. ಮನೆ ಹತ್ತಿರ ಬಂದಾಗ ಬಾಯಿಬಿಟ್ಟರು.

"ಆ ಹುಡುಗನಿಗೆ ಅಪ್ಪ ಇದ್ದಾರೇನ್ಲಾ?"

"ಇದ್ದಾರೆ."

ಇಳಿದು, ಬುಟ್ಟಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು.

"ಪಾಪ, ಅವರು ಡೇರಿಗೆ ಯಾರನ್ನ ಕರ್ಕೊಂಡ್ ಹೋಗ್ತಾರೋ."