ವಾರ್ಡಿನಲ್ಲಿ ಫಾಸ್ಟ್ ಬೌಲರ್‌ಗಳ ರ‍್ಯಾಂಕಿಂಗ್

ಇವತ್ತು ನಮ್ಮ ಗುಬ್ಬಿ ಟೀಮಿನ ಫಾಸ್ಟ್ ಬೌಲರ್ ಮಂಜನನ್ನು ನೋಡಲು ತುಮಕೂರಿನ ಆಸ್ಪತ್ರೆಗೆ ಹೋಗಿದ್ದೆವು ಕಣ್ರೋ. ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಪ್ರೆಸ್ ಮೆಷಿನ್‌ಗೆ ಸಿಕ್ಕಿ ಅವನ ಬಲಗೈಯ ತೋರುಬೆರಳು, ನಡುಬೆರಳು ಎರಡೂ ಹೋಗಿವೆ. ಏನು ಮಾತಾಡಬೇಕೆಂದು ತೋಚದೆ ನಾನೂ ಕಿರಣನೂ ಗ್ರೂಪ್ ಚಾಟಿನ ಜಗಳವನ್ನೇ ಅಲ್ಲಿ ಮುಂದುವರಿಸಿದೆವು. ಈ ಕಾಲದ ಟೆಸ್ಟ್ ಫಾಸ್ಟ್ ಬೌಲರ್‌ಗಳಲ್ಲಿ ನಂಬರ್ ಒನ್ ಯಾರು?

“ನಾನ್ ಹೇಳೋ ಬೌಲರ್ ಆವರೇಜ್ ನೋಡ್ಲಾ,” ಅಂದೆ.

“ಮನೆ ಪಿಚ್ಚಲ್ಲಿ ಯಾರ್ ಬೇಕಾದ್ರೂ ವಿಕೆಟ್ ತೆಗೀತಾರೆ, ಬುಡು. ಹೊರಗಡೆ ಏನ್ ಕಿಸ್ದವ್ನೆ ಹೇಳು,” ಅಂದ ಕಿರಣ.

ಸಿಸ್ಟರ್ ಬಂದು ಬೈದರು. ಅವರು ಹೋದ ಮೇಲೆ ಮಂಜ ಬ್ಯಾಂಡೇಜ್ ನೋಡಿಕೊಳ್ಳುತ್ತಾ ಕೇಳಿದ, “ಉಳಿದಿರೋ ಬೆರಳಲ್ಲಿ ಹಿಡಿದ್ರೆ ಬಾಲ್ ಸ್ವಿಂಗ್ ಆಯ್ತದೇನ್ರೋ?”

ಜಗತ್ತಿನ ಬೌಲರ್‌ಗಳಿಗೆಲ್ಲ ರ‍್ಯಾಂಕ್ ಕೊಡುವ ನಾವಿಬ್ಬರು, ತಂದಿದ್ದ ಬಿಸ್ಕತ್ ಪ್ಯಾಕೆಟ್ ಬಿಚ್ಚಿ ಅವನ ಎಡಗೈಗೆ ಕೊಟ್ಟೆವು.