ನಾನು ಬರೆದುಕೊಟ್ಟ ತಪ್ಪೊಪ್ಪಿಗೆಗಳು

ಜಿಗಣಿಯ ಪ್ಲಾಸ್ಟಿಕ್ ಕಾರ್ಖಾನೆಯೊಂದರಲ್ಲಿ ನಾನು ಮೆಷಿನ್ ನಡೆಸುವವನು. ಆದರೆ ಅಲ್ಲಿ ನನಗೆ ಹೆಸರು ಬಂದದ್ದು ಕ್ಷಮಾಪಣೆ ಪತ್ರ ಬರೆಯುವುದರಿಂದ. ಯಾರಾದರೂ ತಡವಾಗಿ ಬಂದರೆ, ಸೂಪರ್‌ವೈಸರ್‌ಗೆ ಎದುರಾಡಿದರೆ, ಎಚ್.ಆರ್. ಸಾಹೇಬರು ಒಳಗೆ ಕರೆದು, ತಪ್ಪಾಯಿತು ಅಂತ ಒಂದು ಲೆಟರ್ ಕೊಟ್ಟುಬಿಡಿ, ಇಲ್ಲಿಗೇ ಮುಗಿಸೋಣ ಎನ್ನುತ್ತಿದ್ದರು. ಬರೆಯಲು ಬಾರದವರು, ಬಂದರೂ ಪೆನ್ನು ಹಿಡಿದರೆ ಬೆವರುವವರು ಸೀದಾ ನನ್ನ ಹತ್ತಿರ ಬರುತ್ತಿದ್ದರು. ನನ್ನ ಅಕ್ಷರ ದುಂಡಗಿದೆ, ಜೊತೆಗೆ ಪಿಯುಸಿಯಲ್ಲಿ ಕಲಿತ ಕನ್ನಡವನ್ನು ಎಲ್ಲಾದರೂ ಖರ್ಚು ಮಾಡಬೇಕಿತ್ತು.

ತಪ್ಪು ದೊಡ್ಡದಾದಷ್ಟೂ ಕ್ಷಮೆ ಬೇಗ ಸಿಗುತ್ತದೆ ಎಂಬುದು ನನ್ನ ಸಿದ್ಧಾಂತ. ಐದು ನಿಮಿಷ ತಡವಾಗಿ ಬಂದವನ ಪತ್ರ 'ನನ್ನ ಅಕ್ಷಮ್ಯ ಬೇಜವಾಬ್ದಾರಿತನದಿಂದ' ಎಂದು ಶುರುವಾಗುತ್ತಿತ್ತು. ಕೊನೆಯಲ್ಲಿ 'ಇನ್ನೊಮ್ಮೆ ಹೀಗಾದರೆ ಯಾವ ಶಿಕ್ಷೆಗೂ ಬದ್ಧ' ಎಂದು ಸೇರಿಸದಿದ್ದರೆ ನನಗೇ ಸಮಾಧಾನವಿರಲಿಲ್ಲ. ಸಾಹೇಬರು ಓದಿ, ಎಂಥಾ ಕನ್ನಡ ರೀ ನಿಮ್ಮದು ಎಂದು ಹೊಗಳಿ ಅಟ್ಟಕ್ಕೇರಿಸುತ್ತಿದ್ದರು. ನಾನೂ ಮೇಲೆ ಹಾಯಾಗಿ ಕೂತಿದ್ದೆ.

ಬೇಗೂರಿನಿಂದ ಬರುತ್ತಿದ್ದ ಪ್ಯಾಕಿಂಗ್ ವಿಭಾಗದ ಅಕ್ಕನಿಗೂ ಎರಡು ಪತ್ರ ಬರೆದುಕೊಟ್ಟಿದ್ದೆ. ಆಕೆಗೆ ಓದಲು ಬಾರದು, ಹೆಸರು ಬರೆಯಲು ಮಾತ್ರ ಬರುತ್ತದೆ. ನಾನು ಬೆರಳಿಟ್ಟು ತೋರಿಸಿದ ಕಡೆ ಸೈನ್ ಹಾಕಿದ್ದಳು. ಓದಿ ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ.

ಆಮೇಲೆ ಒಂದು ದಿನ ಆಕೆಗೆ ನೋಟಿಸ್ ಬಂತು. ನಮ್ಮಲ್ಲಿ ಲೈನಿಗೆ ಒಂದೇ ಪಾಸ್, ಅದನ್ನು ಕೊರಳಿಗೆ ಹಾಕಿಕೊಂಡವರು ಮಾತ್ರ ಶೌಚಾಲಯಕ್ಕೆ ಹೋಗಬಹುದು. ಅವತ್ತು ಪಾಸ್ ಬೇರೆಯವರ ಕೊರಳಲ್ಲಿತ್ತು, ಅಕ್ಕ ಕಾಯದೆ ಹೋಗಿಬಂದಳು. ಪ್ರಕೃತಿಯ ಕರೆಗೆ ಕಂಪನಿಯ ಉತ್ತರ ಎರಡು ಪುಟ ಇಂಗ್ಲಿಷಿನಲ್ಲಿತ್ತು. ಅನುಮತಿಯಿಲ್ಲದೆ ಜಾಗ ಬಿಟ್ಟದ್ದು ತಪ್ಪು, ಹಿಂದೆಯೂ ತಪ್ಪುಗಳನ್ನು ಒಪ್ಪಿಕೊಂಡಿರುವುದರಿಂದ ಇದು ಚಾಳಿ, ಕೆಲಸದಿಂದ ಏಕೆ ತೆಗೆಯಬಾರದು ಎಂಬುದಕ್ಕೆ ಕಾರಣ ಕೊಡಿ.

ಅಕ್ಕನನ್ನು ಯೂನಿಯನ್ ಆಫೀಸಿಗೆ ಕರೆದುಕೊಂಡು ಹೋದೆ. ಆಫೀಸೆಂದರೆ ಟೈರ್ ಅಂಗಡಿಯ ಮೇಲಿನ ಒಂದು ರೂಮು. ಅಲ್ಲಿಯ ಮುಖಂಡರು ಪೀಣ್ಯದಲ್ಲಿ ಲೇತ್ ನಡೆಸಿ ರಿಟೈರ್ ಆದವರು, ಎಲ್ಲರಿಗೂ ಅಣ್ಣ. ಅವರು ಮೊದಲು ಬರೆಸಿದ್ದು ಎರಡೇ ಸಾಲು: ನೋಟಿಸನ್ನು ಕನ್ನಡದಲ್ಲಿ ಕೊಡಿ, ಜೊತೆಗೆ ದಾಖಲೆಗಳ ಪ್ರತಿ ಕೊಡಿ. ಕನ್ನಡದ ನೋಟಿಸ್ ಬಂತು, ದಾಖಲೆಗಳು ಬರಲಿಲ್ಲ. ಕಂಪನಿ ವಿಚಾರಣೆಯ ದಿನ ಗೊತ್ತುಮಾಡಿತು. ಹೊರಗಿನವರಿಗೆ ಒಳಗೆ ಪ್ರವೇಶವಿಲ್ಲ, ಸಹೋದ್ಯೋಗಿ ಒಬ್ಬ ಜೊತೆಗೆ ಕೂರಬಹುದು ಎಂದಿತು. ನಿನ್ನ ಕನ್ನಡ ಚೆನ್ನಾಗಿದೆಯಂತೆ, ನೀನೇ ಕೂತ್ಕೋ ಎಂದರು ಅಣ್ಣ. ಆ ಪತ್ರಗಳನ್ನು ಬರೆದವನು ನಾನೇ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ವಿಚಾರಣೆ ನಡೆದದ್ದು ಟ್ರೈನಿಂಗ್ ರೂಮಿನಲ್ಲಿ. ಗೋಡೆಯ ಮೇಲೆ 'ನಾವೆಲ್ಲ ಒಂದೇ ಕುಟುಂಬ' ಎಂಬ ಬೋರ್ಡು. ವಿಚಾರಣಾಧಿಕಾರಿ ಕಂಪನಿಯೇ ಕರೆಸಿದ ವಕೀಲರು, ತಾವು ನಿಷ್ಪಕ್ಷಪಾತಿ ಎಂದು ಶುರುವಿನಲ್ಲೇ ಬರೆದುಕೊಂಡರು. ಸಾಹೇಬರು ಫೈಲಿನಿಂದ ಪತ್ರ ತೆಗೆದು ಓದಿದರು. 'ನನ್ನ ದುರಹಂಕಾರದಿಂದ ಸೂಪರ್‌ವೈಸರ್ ಅವರನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿರುತ್ತೇನೆ.' ನಿಜವಾಗಿ ಅಕ್ಕ ಆ ಸೂಪರ್‌ವೈಸರ್‌ಗೆ ಹೇಳಿದ್ದು, ಹೋಗೆ ಬಾರೆ ಅನ್ನಬೇಡಿ ಅಂತ ಅಷ್ಟೇ.

ಅಕ್ಕ ನನ್ನ ಕಡೆ ತಿರುಗಿದಳು. "ನಾನ್ ಇಂಗೆಲ್ಲ ಅಂದಿದ್ನೇನೋ?"

ಸುಮ್ಮನಿದ್ದರೆ ನನ್ನ ಕೆಲಸಕ್ಕೆ ತೊಂದರೆಯಿರಲಿಲ್ಲ, ಅದನ್ನೂ ಯೋಚಿಸಿದೆ, ಸುಳ್ಳೇಕೆ ಹೇಳಲಿ. ಆಮೇಲೆ ಎದ್ದು ನಿಂತೆ. "ಸಾರ್, ಇದು ಬರ್ದಿದ್ದು ನಾನು. ಇವ್ರಿಗೆ ಓದೋಕೆ ಬರಲ್ಲ. ನಾನು ಓದಿ ಹೇಳ್ಲಿಲ್ಲ. ಇಂಥಾ ಲೆಟರ್ ಇನ್ನೂ ಎಷ್ಟೋ ಜನಕ್ಕೆ ಬರ್ಕೊಟ್ಟಿದ್ದೀನಿ, ಬರ್ಸಿ ಅಂತ ಕಳಿಸ್ತಿದ್ದೋರು ಈ ಸಾಹೇಬ್ರೇ."

ವಕೀಲರು ಪೆನ್ನು ನಿಲ್ಲಿಸಿ ಸಾಹೇಬರನ್ನು ನೋಡಿದರು. ಸಾಹೇಬರು ನೀರು ಕುಡಿದರು. ಆ ದಿನ ಅವರು ನನ್ನ ಕನ್ನಡವನ್ನು ಹೊಗಳಲಿಲ್ಲ.

ಅಕ್ಕನ ಕೆಲಸ ಉಳಿಯಿತು, ಒಂದು ಎಚ್ಚರಿಕೆಗೆ ಮುಗಿಸಿದರು. ವಾರ ಕಳೆಯುವುದರೊಳಗೆ ನನಗೆ ನೋಟಿಸ್ ಬಂತು: ಸುಳ್ಳು ಪತ್ರಗಳನ್ನು ತಯಾರಿಸಿ ಆಡಳಿತ ಮಂಡಳಿಯ ದಾರಿ ತಪ್ಪಿಸಿದ್ದೇನಂತೆ. ಮಾಡಿದ್ದುಣ್ಣೋ ಮಹಾರಾಯ. ಅಣ್ಣ ವಿಷಯ ಕೇಳಿ ಚೆನ್ನಾಗಿ ಬೈದು, ಉತ್ತರವನ್ನು ತಾವೇ ಬರೆಯಲು ಕೂತರು. ನನಗೆ ಪೆನ್ನು ಮುಟ್ಟಲೂ ಬಿಡಲಿಲ್ಲ.

ನನ್ನ ಪರವಾಗಿ ಸಾಕ್ಷಿ ಹೇಳುತ್ತೇನೆಂದು ಅಕ್ಕನೂ ಅಂದು ಆಫೀಸಿಗೆ ಬಂದಿದ್ದಳು. ಮೇಜಿನ ಮೇಲೆ, ನನ್ನ ನೋಟಿಸಿನ ಜೊತೆ ಬಂದಿದ್ದ, ಆಕೆಯ ಎರಡೂ ಪತ್ರಗಳ ಜೆರಾಕ್ಸ್ ಇದ್ದವು. ವಿಚಾರಣೆಯಲ್ಲಿ ಓದದೆ ಉಳಿದದ್ದು ಯಾವುದೆಂದು ನನ್ನನ್ನೇ ಕೇಳಿ, ಅದನ್ನು ನನ್ನ ಮುಂದಿಟ್ಟು, ಇದನ್ನು ಓದು ಎಂದಳು. ಅದು ಆಕೆ ಮೂರು ದಿನ ಹೇಳದೆ ರಜೆ ಹಾಕಿದ್ದಕ್ಕೆ ಕೊಟ್ಟದ್ದು. ಏನು ಬರೆದಿದ್ದೆನೋ ನನಗೇ ಮರೆತಿತ್ತು. ಓದಿದೆ. 'ಮಗಳಿಗೆ ಜ್ವರವೆಂದು ಸುಳ್ಳು ಹೇಳಿ ಕೆಲಸಕ್ಕೆ ಗೈರುಹಾಜರಾಗಿರುತ್ತೇನೆ.' ಸುಳ್ಳು ಎಂದು ಸೇರಿಸಿದ್ದು ನಾನು. ಪತ್ರಕ್ಕೆ ತೂಕ ಬರಲಿ ಅಂತ.

ಅಕ್ಕ ರೇಗಲಿಲ್ಲ. ಕಾಗದವನ್ನು ನೋಡುತ್ತಲೇ ಹೇಳಿದಳು.

"ಸುಳ್ಳಲ್ಲ ಕಣೋ. ಮೂರು ದಿನವೂ ಮಗು ನನ್ ತೊಡೆ ಮ್ಯಾಲೇ ಇತ್ತು."