ಸೈಕಲ್ ಕಡ್ಡಿಯ ಮೇಲಿನ ಈಲಿ

ನನ್ನ ಸೊಸೆಗೆ ಕೋಳಿ ಬೇಯಿಸಲು ಬರುವುದಿಲ್ಲ ಎಂದು ನಮ್ಮ ಮನೆಯವರು ಒಂದು ವರ್ಷ ನಂಬಿದ್ದರು. ಅದು ಸುಳ್ಳು ಎಂದು ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಸುಮ್ಮನಿದ್ದೆ.

ಹಕ್ಕಿಜ್ವರದ ಸುದ್ದಿ ಟೀವಿಯಲ್ಲಿ ದಿನವಿಡೀ ಬರುತ್ತಿದ್ದ ವರ್ಷ ಅದು. ವಿಜಯನಗರದ ನಮ್ಮ ಬೀದಿಯ ಕೋಳಿ ಅಂಗಡಿಯವನು ಗಿರಾಕಿಗಳಿಲ್ಲದೆ ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದ. ಅಷ್ಟರಲ್ಲಿ ಯುಗಾದಿ ಬಂತು. ಹಬ್ಬದ ದಿನ ಒಬ್ಬಟ್ಟು, ಮಾರನೆಯ ದಿನ ಹೊಸತೊಡಕು. ಹೊಸತೊಡಕಿಗೆ ಬಾಡೂಟ ಇಲ್ಲದಿದ್ದರೆ ನಮ್ಮ ಕಡೆಯವರಿಗೆ ವರ್ಷವೇ ಶುರುವಾಗುವುದಿಲ್ಲ. ಆದರೆ ಆ ಸಲ ನನ್ನ ಹೆಂಡತಿ ಕೋಳಿ ಬೇಡವೇ ಬೇಡ ಎಂದು ಹಟ ಹಿಡಿದಳು. ಒಪ್ಪಿಸಿದವಳು ಸೊಸೆ.

“ಚೆನ್ನಾಗಿ ಬೇಯ್ಸಿದ್ರೆ ಏನೂ ಆಗಲ್ಲ ಅತ್ತೆ. ನಾನೇ ಮಾಡ್ತೀನಿ, ಜವಾಬ್ದಾರಿ ನಂದು.”

ಕೆಂಗೇರಿಯಲ್ಲಿ ನನ್ನ ತಂಗಿ ನಾಟಿಕೋಳಿ ಸಾಕಿದ್ದಳು. ಅಲ್ಲಿಗೆ ಹೊರಟಾಗ ಸೊಸೆ ಗೇಟಿನವರೆಗೂ ಬಂದು, “ಮಾವ, ಆ ಕಡೆ ಯಾವ್ದಾದ್ರೂ ಕೋಳಿ ಸತ್ತಿದ್ಯಾ ಕೇಳಿ. ತೂಕಡಿಸ್ತಾ ಇರೋದನ್ನ ಮಾತ್ರ ತರ್ಬೇಡಿ,” ಎಂದಳು. ಕೇಳಿದೆ. ತಂಗಿ ನಕ್ಕುಬಿಟ್ಟಳು. “ಒಂದೂ ಸತ್ತಿಲ್ಲ ಕಣಣ್ಣ. ಇದನ್ನ ಹಿಡಿಯೋಕೆ ಮೂರು ಮನೆ ಹಿತ್ತಲು ಸುತ್ತಿದೀನಿ. ಈಗ ತೂಕಡಿಸ್ತಿರೋಳು ನಾನೇ!”

ಕೋಳಿಯನ್ನು ತಾರಸಿಯಲ್ಲಿ ಸುಟ್ಟು ಹಸನು ಮಾಡುವುದು ಪ್ರತಿ ವರ್ಷ ನನ್ನ ಕೆಲಸ. ಸೊಸೆ ನನ್ನ ಮೂಗು ಬಾಯಿಗೆ ಟವೆಲ್ ಕಟ್ಟಿಸಿದಳು, ಎರಡೂ ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಸಿದಳು. ತರಕಾರಿಯ ಚಾಕು ಮುಟ್ಟಬಾರದೆಂದು ಬೇರೆ ಚಾಕು, ಬೇರೆ ಮಣೆ, ಪಕ್ಕದಲ್ಲಿ ಸೋಪು. ನನ್ನ ಹೆಂಡತಿ ನೋಡಿ, “ಏನ್ರೀ, ಬ್ಯಾಂಕ್ ದೋಚೋಕೆ ಹೊರಟಿದೀರಾ?” ಎಂದಳು.

ಕೋಳಿ ಹಸನು ಮಾಡಿದವನಿಗೆ ಅದರ ಈಲಿ, ಅಂದರೆ ಲಿವರ್, ಸೇರಬೇಕು. ನಮ್ಮಪ್ಪ ಅದನ್ನು ಕೆಂಡದಲ್ಲಿ ಸುಟ್ಟು, ಉಪ್ಪು ಸವರಿ, ಅರ್ಧ ತಾನು ತಿಂದು ಇನ್ನರ್ಧ ನನ್ನ ಬಾಯಿಗೆ ಹಾಕುತ್ತಿದ್ದ. ಆ ದಿನ ಐದು ವರ್ಷದ ಮೊಮ್ಮಗಳು ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ನನಗೆ ತಡೆಯಲಾಗಲಿಲ್ಲ. ಕೈಯ ಕವರ್ ಕಿತ್ತೆಸೆದು, ಹಳೆಯ ಸೈಕಲ್ ಕಡ್ಡಿಗೆ ಈಲಿ ಚುಚ್ಚಿ ಬೆಂಕಿಗೆ ಹಿಡಿದೆ. ಹೊರಗೆ ಕಪ್ಪಾಯಿತು. ಕಚ್ಚಿದರೆ ಒಳಗೆ ಇನ್ನೂ ಕೆಂಪು. ಉಳಿದರ್ಧ ಮಗುವಿನ ಬಾಯಿಗಿಟ್ಟೆ.

“ಅಮ್ಮಂಗೆ ಹೇಳ್ಬೇಡ ಕಣೇ.”

“ಆಯ್ತು ತಾತ. ಇನ್ನೊಂದು?”

“ಕೋಳಿಗೆ ಇರೋದೇ ಒಂದು ಕಣವ್ವ.”

ಕೆಳಗೆ ಸೊಸೆ ಆ ಸಾರನ್ನು ಎಷ್ಟು ಹೊತ್ತು ಕುದಿಸಿದಳೆಂದರೆ, “ಮೂಳೆನೂ ಕರಗಿಸ್ತೀಯೇನಮ್ಮ?” ಎಂದು ನನ್ನ ಹೆಂಡತಿ ಎರಡು ಸಲ ಕೇಳಿದಳು.

ಮೂರನೆಯ ದಿನ ಮಗುವಿಗೆ ಜ್ವರ ಬಂತು. ಕ್ಲಿನಿಕ್ಕಿಗೆ ಸೊಸೆಯ ಜೊತೆ ನಾನೂ ಹೋದೆ. ಡಾಕ್ಟರು ಕೇಳಿದ ಮೊದಲ ಮಾತೇ, “ಕೋಳಿ ತಿಂದಿತ್ತಾ ಮಗು?”

“ತಿಂದಿದಾಳೆ ಡಾಕ್ಟ್ರೇ. ಚೆನ್ನಾಗಿ ಬೇಯ್ಸಿದ್ದೆ.”

“ಅರೆಬೆಂದಿದ್ದು ಏನೂ ಕೊಟ್ಟಿಲ್ಲ ತಾನೇ?”

“ಇಲ್ಲ,” ಎಂದಳು ಸೊಸೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತೆ.

ಗಂಟಲು ಕೆಂಪಾಗಿದೆ, ಅಷ್ಟೇ ಎಂದರು ಡಾಕ್ಟರು. ಎರಡು ದಿನಕ್ಕೆ ಜ್ವರ ಇಳಿದು ಮಗು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿತ್ತು. ಆದರೆ ನನ್ನ ಹೆಂಡತಿ, “ಎಲ್ಲೋ ಒಂದು ತುಂಡು ಬೆಂದಿರ್ಲಿಲ್ಲ,” ಎಂದು ತೀರ್ಪು ಕೊಟ್ಟು ಕೋಳಿಯ ಪಾತ್ರೆಯನ್ನು ಸೊಸೆಯ ಕೈಯಿಂದ ತೆಗೆದುಕೊಂಡಳು. ಒಂದು ದಿನ ಸೊಸೆಯೇ ನನ್ನ ಹತ್ತಿರ, “ನಿಜವಾಗ್ಲೂ ಬೆಂದಿರ್ಲಿಲ್ವೇನೋ ಮಾವ,” ಎಂದಳು. ಆಗಲಾದರೂ ಹೇಳಬೇಕಿತ್ತು. “ಕಾಫಿ ಇದ್ಯೇನಮ್ಮ?” ಎಂದೆ.

ಮುಂದಿನ ಹೊಸತೊಡಕಿಗೆ ಸೊಸೆಯ ತಾಯಿ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ನನ್ನ ಹೆಂಡತಿ ಸಾರು ಬಡಿಸುತ್ತಾ, “ನಿಮ್ಮ ಮಗಳಿಗೆ ಎಲ್ಲಾ ಬರುತ್ತೆ ಬೀಗಿತ್ತಿ, ಕೋಳಿ ಬೇಯ್ಸೋದೊಂದು ಬಿಟ್ಟು. ಹೋದ್ವರ್ಷ ಮಗುಗೆ ಜ್ವರ ಬರಿಸಿದ್ಲು,” ಎಂದು ನಕ್ಕಳು. ಆ ತಾಯಿ ನಗಲಿಲ್ಲ. ತಲೆ ತಗ್ಗಿಸಿ ಎಲೆಯ ಮೇಲಿನ ಮುದ್ದೆಯನ್ನು ಸುಮ್ಮನೆ ಮುರಿಯುತ್ತಾ ಕೂತರು. ಆ ಕೈ ನೋಡಿ ನಾನು ಎತ್ತಿದ ತುತ್ತನ್ನು ಎಲೆಗೇ ಹಾಕಿದೆ.

“ಅವಳ ಸಾರು ಬೆಂದಿತ್ತು. ಬೆಂದಿಲ್ದೇ ಇದ್ದಿದ್ದು ನಾನು ಮಗುಗೆ ಕೊಟ್ಟ ಈಲಿ,” ಎಂದೆ. ಸೈಕಲ್ ಕಡ್ಡಿಯಿಂದ ಕ್ಯಾಲೆಂಡರ್‌ವರೆಗೆ ಎಲ್ಲವನ್ನೂ ಹೇಳಿದೆ.

“ನಿಮ್ಮ ನಾಲಿಗೆ ಚಪಲಕ್ಕಿಷ್ಟು!” ಎಂದು ಹೆಂಡತಿ ಸೌಟು ಎತ್ತಿದಳು. ಮೊಮ್ಮಗಳು, “ನಾನ್ ಹೇಳಿಲ್ಲ ತಾತ, ನೀನೇ ಹೇಳ್ಬಿಟ್ಟೆ!” ಎಂದು ಕೂಗಿದಾಗ ಎಲ್ಲರೂ ನಕ್ಕರು, ಸೊಸೆ ಒಬ್ಬಳನ್ನು ಬಿಟ್ಟು.

“ನನಗೆ ಹೇಳ್ದೇ ಇದ್ರೂ ಪರ್ವಾಗಿಲ್ಲ ಮಾವ. ಡಾಕ್ಟ್ರಿಗೆ ಹೇಳ್ಬೇಕಿತ್ತು. ಅದು ನಿಜವಾಗ್ಲೂ ಆ ಜ್ವರಾನೇ ಆಗಿದ್ರೆ?”

ತಪ್ಪಾಯ್ತಮ್ಮ ಎಂದೆ. ನನ್ನ ಹೆಂಡತಿ ಬಾಯಲ್ಲಿ ತಪ್ಪಾಯ್ತು ಎನ್ನಲಿಲ್ಲ. ಕೈಯಲ್ಲಿದ್ದ ಸೌಟನ್ನು ಸೊಸೆಯ ಕೈಗೆ ಕೊಟ್ಟು ತಾನು ಊಟಕ್ಕೆ ಕೂತಳು.

ಅಂದಿನಿಂದ ನಮ್ಮ ಮನೆಯಲ್ಲಿ ಈಲಿಯೂ ಸಾರಿನಲ್ಲೇ ಬೇಯುತ್ತದೆ. ಅದು ನನಗೆ ಸೇರುವುದಿಲ್ಲ, ಸೊಸೆಯ ತಟ್ಟೆಗೆ ಹೋಗುತ್ತದೆ. ಅವಳಿಗೆ ಈಲಿ ಅಷ್ಟೇನೂ ಇಷ್ಟವಿಲ್ಲ. ಆದರೂ ಪ್ರತಿ ಹೊಸತೊಡಕಿಗೆ ಅದನ್ನು ಎರಡಾಗಿ ಮುರಿದು, ಒಳಗೆ ಕೆಂಪಿಲ್ಲವೆಂದು ನನಗೆ ತೋರಿಸಿ, ನನ್ನ ಮುಖ ನೋಡುತ್ತಲೇ ನಿಧಾನವಾಗಿ ತಿನ್ನುತ್ತಾಳೆ.